ತೇಪೆ ಹಾಕಿದ ಬೆರಳು

ಗ್ಲೌಸಿಗೆ ತೇಪೆ ಹಾಕುವುದರಲ್ಲಿ ಇಡೀ ದಂಡು ಪ್ರದೇಶದ ಆಸ್ಪತ್ರೆಗಳಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಆಗ ನನಗಿತ್ತು. ಸುಳ್ಳು ಜಂಬವೇನಲ್ಲ. ಯುದ್ಧ ಮುಗಿದು ನಾಲ್ಕು ವರ್ಷ, ಸ್ವಾತಂತ್ರ್ಯ ಬಂದು ಎರಡು ವರ್ಷ ಆಗಿದ್ದರೂ ನಮ್ಮ ಆಸ್ಪತ್ರೆಗೆ ಹೊಸ ರಬ್ಬರ್ ಗ್ಲೌಸು ಬರುವುದು ಅಪರೂಪವಾಗಿತ್ತು. ಇದ್ದದ್ದನ್ನೇ ತೊಳೆದು, ಒಣಗಿಸಿ, ಒಳಗೆ ನೀರು ತುಂಬಿ ಹಿಂಡಿ ತೂತು ಹುಡುಕಬೇಕು. ಪೂರ್ತಿ ಹರಿದುಹೋದ ಗ್ಲೌಸಿನಿಂದ ಕಾಸಿನಗಲ ತುಂಡು ಕತ್ತರಿಸಿ, ಸೊಲ್ಯೂಷನ್ ಸವರಿ, ತೂತಿನ ಮೇಲೆ ಒತ್ತಿ ಕೂರಿಸಬೇಕು. ಆಮೇಲೆ ಪೌಡರು ಹಾಕಿ, ಬಟ್ಟೆ ಚೀಲದಲ್ಲಿಟ್ಟು, ಹಬೆಯ ಡ್ರಮ್ಮಿಗೆ ತಳ್ಳಬೇಕು. ಸೈಕಲ್ ಟ್ಯೂಬಿಗೆ ಮಾಡುವ ಕೆಲಸವೇ ಇದು. ಆಪರೇಷನ್ ಥಿಯೇಟರಿನಲ್ಲಿ ನನಗೆ ‘ಪಂಕ್ಚರ್ ಸಿಸ್ಟರ್’ ಎಂದೇ ಹೆಸರು ಬಿದ್ದಿತ್ತು. ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನನ್ನ ತೇಪೆ ಬಿಚ್ಚಿಕೊಂಡ ಉದಾಹರಣೆಯೇ ಇರಲಿಲ್ಲ.

ನಮ್ಮ ದೊಡ್ಡ ಡಾಕ್ಟರು ಯುದ್ಧದಲ್ಲಿ ಸಿಪಾಯಿಗಳ ಎದೆಯಿಂದ ಗುಂಡಿನ ಚೂರು ತೆಗೆದು ಬಂದವರು. ಆರಡಿ ಆಳು, ಬಾಳೆಗೊನೆಯ ಹಾಗೆ ದಪ್ಪ ದಪ್ಪ ಬೆರಳು. ಒಂದು ದಿನ ವಿದೇಶದ ವೈದ್ಯ ಪತ್ರಿಕೆಯೊಂದನ್ನು ಹಿಡಿದುಕೊಂಡು ಥಿಯೇಟರಿಗೆ ನುಗ್ಗಿದರು. ಎಂದೂ ಏರದ ಅವರ ದನಿ ಅಂದು ಏರಿತ್ತು.

“ಸಿಸ್ಟರ್, ನೋಡಿ ಇಲ್ಲಿ! ಹೃದಯದ ಒಳಗೆ ಬೆರಳು ಹಾಕಿ ಕವಾಟ ಬಿಡಿಸ್ತಿದ್ದಾರೆ. ಬರೀ ಬೆರಳು! ಇದನ್ನ ನಾವ್ಯಾಕೆ ಮಾಡಬಾರದು?”

ಕಾಯಿಲೆ ನಮಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು ಬರುತ್ತದೆ, ಹಿಂದೆಯೇ ಕೀಲುಗಳು ಊದಿ ಜ್ವರ ಬರುತ್ತದೆ, ಹೋಗುತ್ತದೆ. ಮನೆಯವರು ಮರೆತುಬಿಡುತ್ತಾರೆ. ಆ ಜ್ವರ ಮಾತ್ರ ಹೃದಯವನ್ನು ಮರೆಯುವುದಿಲ್ಲ. ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಕವಾಟದ ಅಂಚುಗಳು ಮೆಲ್ಲಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡು ಬೆರಳು ಹಿಡಿಸುವ ಬಾಗಿಲು ಹತ್ತಾರು ವರ್ಷಗಳಲ್ಲಿ ಅಂಗಿಯ ಗುಂಡಿ ತೂತಿನಷ್ಟಾಗುತ್ತದೆ. ರಕ್ತ ಮುಂದಕ್ಕೆ ಹೋಗಲಾರದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಉಸಿರೇ ಇಲ್ಲ. ಮಾತ್ರೆ, ಇಂಜೆಕ್ಷನ್ನು ಕೊಟ್ಟು ನಾವು ದಿನ ನೂಕುತ್ತಿದ್ದೆವು ಅಷ್ಟೆ.

ಮೊದಲನೆಯ ಪ್ರಯತ್ನ ನಮ್ಮ ಮುಖಕ್ಕೆ ಹೊಡೆಯಿತು. ನಲವತ್ತು ದಾಟಿದ ಒಬ್ಬ ದರ್ಜಿ. ಹೃದಯದ ಮೇಲಿನ ಕೋಣೆಗೆ ಕಿವಿಯಂಥ ಒಂದು ಜೋಲುವ ಭಾಗವಿದೆ. ಅದರ ತುದಿ ಕತ್ತರಿಸಿ ಬೆರಳು ತೂರಿಸಬೇಕು. ದಾರ ಬಿಗಿಯುವಾಗ ಆ ಕಿವಿ ನೆನೆದ ಕಾಗದದ ಹಾಗೆ ಹರಿದುಹೋಯಿತು. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ದರ್ಜಿಯ ಹೆಂಡತಿಗೆ ಹೇಳಲು ದೊಡ್ಡ ಡಾಕ್ಟರು ಒಬ್ಬರೇ ಹೋದರು. ಬಂದವರು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೈ ತೊಳೆಯುತ್ತಿದ್ದರು.

ಆಸ್ಪತ್ರೆಯ ಮುಖ್ಯಸ್ಥರು ಕರೆದು ಹೇಳಿದ್ದು ಚಿಕ್ಕ ಮಾತು: “ಇನ್ನೊಂದೇ ಒಂದು. ಅದೂ ಹೀಗಾದ್ರೆ ಈ ಕಾಂಪೌಂಡಿನಲ್ಲಿ ಹೃದಯದ ಹೆಸರೆತ್ತಬೇಡಿ.”

ಸರಿ, ಪಾಠ ಒಂದನೇ ಪುಟದಿಂದ ಶುರುವಾಯಿತು. ಅಭ್ಯಾಸಕ್ಕೆ ಕುರಿಯ ಹೃದಯ ಬೇಕು. ನನ್ನ ಮನೆ ಹಲಸೂರಿನಲ್ಲಿ. ಬೆಳಿಗ್ಗೆ ಡ್ಯೂಟಿಗೆ ಮೊದಲು ಶಿವಾಜಿನಗರದ ಮಾಂಸದ ಮಾರ್ಕೆಟ್ಟಿಗೆ ಹೋಗಿ ಹೃದಯ ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೊಟ್ಟೆಯೊಡೆದರೆ ಮೂರು ದಿನ ಮೂಗು ಮುಚ್ಚಿಕೊಳ್ಳುವ ಮನೆತನ ನಮ್ಮದು! ಎನಾಮಲ್ ಡಬ್ಬಿಯ ಮೇಲೆ ಸೇವಂತಿಗೆ ಹೂ ಮುಚ್ಚಿಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಸಿಕ್ಕಿದ ಪಕ್ಕದ ಮನೆಯಾಕೆ ಒಮ್ಮೆ “ದೇವಸ್ಥಾನಕ್ಕೇನ್ರೀ?” ಎಂದು ಕೇಳಿ ಒಂದು ಹೂ ಎತ್ತಿ ಮುಡಿದುಕೊಂಡರು. ನನ್ನ ಜೀವ ಬಾಯಿಗೆ ಬಂದಿತ್ತು.

ಅಂಗಡಿಯ ಸಾಹೇಬರಿಗೆ ಮೊದಲ ವಾರ ದೊಡ್ಡ ಅನುಮಾನ.

“ಕ್ಯಾ ಅಮ್ಮಾ, ದಿನಾ ದಿಲ್ ಬೇಕು, ಗೋಷ್ ಬ್ಯಾಡ ಅಂತೀರಿ. ಏನ್ ಮಾಡ್ತೀರಿ ಇಷ್ಟೊಂದು ದಿಲ್ ತಗೊಂಡು?”

“ರಿಪೇರಿ ಮಾಡೋದು ಕಲೀತಿದ್ದೀವಿ ಸಾಹೇಬ್ರೆ.”

ಅವರು ಕತ್ತಿ ಕೆಳಗಿಟ್ಟರು. “ನಮ್ಮ ಬೀಬಿ ತಂಗೀದೂ ಹಿಂಗೇ, ದಮ್ಮು ಕಟ್ಟಿ ಹೋಗಿಬಿಟ್ಳು ಪಾಪ.” ಮಾರನೆಯ ದಿನದಿಂದ ಕಿವಿಯ ಭಾಗ ಹರಿಯದಂತೆ ನಾಜೂಕಾಗಿ ಕುಯ್ದು, ಎಲೆಯಲ್ಲಿ ಸುತ್ತಿ ನನಗಾಗಿ ತೆಗೆದಿಡುತ್ತಿದ್ದರು.

ಕುರಿಗೆ ಈ ಕಾಯಿಲೆ ಎಲ್ಲಿಂದ ಬರಬೇಕು? ನಾನೇ ರೇಷ್ಮೆ ದಾರದಲ್ಲಿ ಕವಾಟದ ಅಂಚುಗಳನ್ನು ಹೊಲಿದು, ಗುಂಡಿ ತೂತಿನಷ್ಟು ಬಾಗಿಲು ಬಿಟ್ಟು ಸಿದ್ಧ ಮಾಡುತ್ತಿದ್ದೆ. ದೊಡ್ಡ ಡಾಕ್ಟರು ಕಣ್ಣು ಮುಚ್ಚಿ ಬೆರಳು ತೂರಿಸಿ, ಹೊಲಿಗೆಯನ್ನು ಹುಡುಕಿ, ಒತ್ತಿ ಬಿಡಿಸುತ್ತಿದ್ದರು. ಚಿಕ್ಕ ಡಾಕ್ಟರು, ಅಂದರೆ ಅವರ ಸಹಾಯಕ, ಒಬ್ಬ ತಮಿಳು ತರುಣ, ಕಿವಿಯ ಸುತ್ತ ಸಂಚಿಯ ಬಾಯಿಗೆ ಪೋಣಿಸಿದ ಹಾಗೆ ದಾರ ಪೋಣಿಸಿ, ಹರಿಯದಂತೆ ಬಿಗಿಯುವುದನ್ನು ಕಲಿತರು. ಒಂದೂವರೆ ತಿಂಗಳು, ನೂರಕ್ಕೆ ಹತ್ತಿರ ಹೃದಯ. ಕೊನೆಗೆ ದೊಡ್ಡ ಡಾಕ್ಟರ ಬೆರಳಿಗೆ ಕಣ್ಣು ಬಂದಿದೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು.

ಅಭ್ಯಾಸವೆಲ್ಲ ಬರಿಗೈಯಲ್ಲಿ. ಗ್ಲೌಸು ಕುರಿಗೆ ದಂಡ ಮಾಡುವಂತಿಲ್ಲ ಎಂದು ನನ್ನದೇ ಕಟ್ಟಪ್ಪಣೆ.

ಆ ಹೊತ್ತಿಗೆ ಆಕೆ ಬಂದಳು. ಮಹದೇವಪುರದ ಕಡೆಯ ಒಂದು ಹಳ್ಳಿ, ವಯಸ್ಸು ಇಪ್ಪತ್ತೆರಡು. ಗಂಡ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಕೃಷ್ಣರಾಜಪುರದವರೆಗೆ, ಅಲ್ಲಿಂದ ರೈಲಿನಲ್ಲಿ ದಂಡಿನ ಸ್ಟೇಷನ್ನಿಗೆ ಕರೆತಂದಿದ್ದ. ತುಟಿ ನೇರಳೆ ಬಣ್ಣ, ಕೆನ್ನೆ ಮಾತ್ರ ಕುಂಕುಮ ಸವರಿದ ಹಾಗೆ ಕೆಂಪು. ವಾರ್ಡಿನಲ್ಲಿ ಐದು ದಿಂಬು ಪೇರಿಸಿ ಕೂರಿಸಿದೆವು. ಹಗಲೂ ಹಾಗೇ, ಇರುಳೂ ಹಾಗೇ. ಹಾಸಿಗೆಗಳ ಸಾಲಿನಲ್ಲಿ ಬಾಗಿಲಿನಿಂದಲೇ ಕಾಣುತ್ತಿದ್ದುದು ಅವಳ ತಲೆಯೊಂದೇ.

ಆಪರೇಷನ್ನಿನ ವಿಷಯವನ್ನು ದೊಡ್ಡ ಡಾಕ್ಟರು ವಿವರಿಸಿದರು. ಅವರು ಹೋದಮೇಲೆ ಆಕೆ ನನ್ನ ಸೆರಗು ಹಿಡಿದಳು.

“ನರ್ಸಮ್ಮಾ, ಇದ್ಕೆ ಮುಂಚೆ ಒಬ್ರಿಗೆ ಮಾಡಿದ್ರಂತಲ್ಲ. ಅವ್ರೇನಾದ್ರು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಉಳೀಲಿಲ್ಲಮ್ಮ.”

ಅವಳು ಎರಡು ಉಸಿರು ಎಳೆದುಕೊಂಡಳು. ಒಂದು ಮಾತಿಗೆ ಎರಡು ಉಸಿರು, ಅದೇ ಅವಳ ಲೆಕ್ಕ. “ಮಾಡಿಸ್ಕಳ್ದಿದ್ರೆ?”

“ಬರೋ ಮಳೆಗಾಲ ದಾಟೋದು ಕಷ್ಟ ಅಂತಾರೆ.”

“ಹಂಗಾದ್ರೆ ಕುಯ್ಯಕ್ಕೇಳಿ ಅವ್ರಿಗೆ. ನೆಟ್ಟಗೆ ಮಲೀಕಂಡು ನಿದ್ದೆ ಮಾಡಿ ವರ್ಸ ಆಯ್ತು ನರ್ಸಮ್ಮಾ. ಸತ್ರೂ ಮಲೀಕಂತೀನಿ, ಬದುಕಿದ್ರೂ ಮಲೀಕಂತೀನಿ.” ಹೇಳಿ ನಕ್ಕಳು. ನಗುವುದಕ್ಕೂ ಮೂರು ಉಸಿರು ಬೇಕಾಯಿತು. ನಾನು ಹೊರಗೆ ಬಂದು ಕಣ್ಣೊರೆಸಿಕೊಂಡೆ. ಇವಳನ್ನು ಮಾತ್ರ ಬಿಡಬಾರದು ಎಂದು ಹಟ ಹುಟ್ಟಿತು.

ಆ ಹಟವೇ ನನ್ನ ಕೈಯಲ್ಲಿ ಅನಾಹುತ ಮಾಡಿಸಿತು. ಆಪರೇಷನ್ನಿನ ಹಿಂದಿನ ದಿನ ಗ್ಲೌಸು ಆರಿಸಲು ಕುಳಿತೆ. ದೊಡ್ಡ ಡಾಕ್ಟರ ಕೈಯಳತೆಗೆ ಎರಡೇ ಜೊತೆ. ಎರಡಕ್ಕೂ ನೀರು ತುಂಬಿ ಹಿಂಡಿದೆ, ಒಂದು ಹನಿ ಸೋರಲಿಲ್ಲ. ಆದರೂ ಮನಸ್ಸು ನಿಲ್ಲಲಿಲ್ಲ. ಬಲಗೈ ತೋರುಬೆರಳು ಹೃದಯದೊಳಕ್ಕೆ ಹೋಗುವ ಬೆರಳು. ಪಕ್ಕೆಲುಬಿನ ಅಂಚು ತಗುಲಿ ಹರಿದರೆ? ಒಳಗೆ ನಂಜೇರಿದರೆ? ತೂತಿಲ್ಲದ ಬೆರಳ ತುದಿಗೆ ಹೊರಗೊಂದು, ಒಳಗೊಂದು ತೇಪೆ ಹಾಕಿದೆ. ಅಂಚು ಚೂರೂ ಏಳದಂತೆ, ಹೆಣ್ಣು ಮಗುವಿಗೆ ಬಳೆ ತೊಡಿಸುವ ಮುತುವರ್ಜಿಯಲ್ಲಿ. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಎರಡನೆಯ ಜೊತೆಗೂ ಹಾಗೆಯೇ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳುವುದೇನು, ಅದು ನನ್ನ ಇಲಾಖೆ. ಅಂದು ಮನೆಗೆ ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಆಕೆಯನ್ನು ಮೇಜಿಗೆ ತಂದೆವು. ಅರಿವಳಿಕೆ ಕೊಡುವವರು ರಿಚರ್ಡ್ಸ್ ಟೌನಿನ ಆಂಗ್ಲೋ ಇಂಡಿಯನ್ ಲೇಡಿ ಡಾಕ್ಟರು. ಮಾತು ಖಡಕ್ಕು, ಕೈ ಮೆತ್ತಗೆ. ಮಲಗಿಸಿದರೆ ಉಸಿರು ಕಟ್ಟುತ್ತದೆಂದು ಕೂತಿದ್ದ ಹಾಗೆಯೇ ಈಥರ್ ಕೊಟ್ಟರು. ಜ್ಞಾನ ತಪ್ಪುತ್ತಲೇ ನಾವು ನಾಲ್ವರು ಹಿಡಿದು ಬಲಮಗ್ಗುಲಿಗೆ ಮಲಗಿಸಿದೆವು. ಅಷ್ಟರಲ್ಲಿ ಲೇಡಿ ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ, ಕಪ್ಪು ರಬ್ಬರ್ ಚೀಲವನ್ನು ಹಿಂಡಿ ಹಿಂಡಿ ಅವಳ ಬದಲು ಉಸಿರಾಡತೊಡಗಿದರು.

ಎಡ ಪಕ್ಕೆಲುಬಿನ ಸಂದಿಯಲ್ಲಿ ಎದೆ ತೆರೆಯಿತು. ಹೃದಯದ ಮೇಲಿನ ಪೊರೆ ಸೀಳಿದಾಗ ನಾನು ಬಗ್ಗಿ ನೋಡಿದೆ. ಅಬ್ಬಾ! ಕುರಿಯ ಹೃದಯ ಎಷ್ಟೋ ನೋಡಿದ್ದೆ, ಎಲ್ಲವೂ ಸತ್ತವು. ಇದು ಕುಣಿಯುತ್ತಿತ್ತು. ಮೇಲಿನ ಕೋಣೆ ಊದಿ, ಕಿವಿ ಉಬ್ಬಿ, ಬಿಗಿದು ನಿಂತಿತ್ತು. ದೊಡ್ಡ ಡಾಕ್ಟರು ಮೇಲೆ ಕೈಯಿಟ್ಟು, “ಬೆಕ್ಕು ಗುರುಗುಟ್ಟೋ ಹಾಗಿದೆ” ಎಂದರು. ಕಿರಿದಾದ ತೂತಿನಲ್ಲಿ ರಕ್ತ ನುಗ್ಗುವ ನಡುಕ ಅದು.

ಚಿಕ್ಕ ಡಾಕ್ಟರು ದಾರ ಪೋಣಿಸಿದರು. ಕಿವಿಯ ಬುಡಕ್ಕೆ ರಕ್ತ ತಡೆಯುವ ಕ್ಲ್ಯಾಂಪು, ತುದಿಗೆ ಕತ್ತರಿ. ನಮ್ಮೆಲ್ಲರ ಕಣ್ಣಲ್ಲೂ ಆ ದರ್ಜಿ ಇದ್ದ. ಕ್ಲ್ಯಾಂಪು ಸಡಿಲಿಸಿದ ಕ್ಷಣ ರಕ್ತ ಚಿಮ್ಮಿ ದೊಡ್ಡ ಡಾಕ್ಟರ ಏಪ್ರನ್ನಿಗೆ ಬಿತ್ತು, ಅದರ ಬೆನ್ನಿಗೇ ಬೆರಳು ಒಳಗೆ ಹೋಯಿತು, ದಾರ ಬಿಗಿಯಿತು, ರಕ್ತ ನಿಂತಿತು. ಕಿವಿ ಹರಿಯಲಿಲ್ಲ! ನನಗೆ ಕೇಕೆ ಹಾಕುವಷ್ಟು ಹುರುಪು ಬಂತು.

ಆದರೆ ದೊಡ್ಡ ಡಾಕ್ಟರು ಒಳಗೆ ಬೆರಳಾಡಿಸುತ್ತಲೇ ಇದ್ದರು. ಹುಬ್ಬು ಗಂಟಾಯಿತು. ಮಾಸ್ಕಿನ ಮೇಲಿನ ಕಣ್ಣು ಅತ್ತಿತ್ತ ಓಡತೊಡಗಿತು.

“ಸಿಗ್ತಿಲ್ಲ.”

“ಸ್ವಲ್ಪ ಕೆಳಗೆ, ಸಾರ್,” ಎಂದರು ಚಿಕ್ಕ ಡಾಕ್ಟರು.

“ಎಲ್ಲ ಒಂದೇ ಥರ ಇದೆ. ಗೋಡೆ ಯಾವುದು ಬಾಗಿಲು ಯಾವುದು ತಿಳೀತಿಲ್ಲ.”

“ಡಾಕ್ಟರ್, ಪಲ್ಸ್ ಬೀಳ್ತಾ ಇದೆ,” ಲೇಡಿ ಡಾಕ್ಟರ ದನಿ. “ಔಟ್. ಈಗಲೇ ಔಟ್!”

ಬೆರಳು ಹೊರಬಂತು, ಕ್ಲ್ಯಾಂಪು ಕೂತಿತು. ರಕ್ತದ ಬಾಟಲಿಯನ್ನು ಜೋರಾಗಿ ಬಿಟ್ಟರು. ನಿಧಾನವಾಗಿ ನಾಡಿ ಮರಳಿತು.

“ಇನ್ನೊಂದೇ ಸಲ ಬಿಡ್ತೀನಿ. ಅದೂ ಒಂದು ನಿಮಿಷ. ಆಗಲ್ಲ ಅಂದ್ರೆ ಕ್ಲೋಸ್ ಮಾಡಿ, ಜೀವಂತ ವಾರ್ಡಿಗೆ ಕಳಿಸೋಣ,” ಎಂದರು ಲೇಡಿ ಡಾಕ್ಟರು.

ಜೀವಂತ ಕಳಿಸುವುದು ಎಂದರೆ ಮಳೆಗಾಲದವರೆಗೆ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಡಾಕ್ಟರು ತಮ್ಮ ತೋರುಬೆರಳನ್ನು ಎತ್ತಿ ಹಿಡಿದು, ಅದು ಬೇರೆಯವರದೇನೋ ಎಂಬಂತೆ ನೋಡುತ್ತಿದ್ದರು. “ನೂರು ಸಲ ಮಾಡಿದ್ದೀನಿ. ಇವತ್ತು ಬೆರಳೇ ಮರಗಟ್ಟಿದ ಹಾಗಿದೆ.”

ಆ ಬೆರಳ ತುದಿ ದೀಪದ ಬೆಳಕಿನಲ್ಲಿ ದಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಮೂರು ಪದರ ರಬ್ಬರು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ಬಾಯಿ ಬಿಟ್ಟರೆ ನನ್ನ ಹೆಸರು ಮಣ್ಣುಪಾಲು. ಬಿಡದಿದ್ದರೆ ಮೇಜಿನ ಮೇಲಿನ ಹುಡುಗಿ.

“ಸಾರ್, ಬೆರಳು ಸರಿಯಾಗಿದೆ. ಗ್ಲೌಸಿನ ತುದಿಗೆ ನಾನು ಡಬಲ್ ತೇಪೆ ಹಾಕಿದ್ದೀನಿ. ಹರೀಬಾರದು ಅಂತ.”

ಮೂರು ಜೊತೆ ಕಣ್ಣು ನನ್ನ ಕಡೆ ತಿರುಗಿದವು.

“ಇನ್ನೊಂದು ಜೊತೆ ಕೊಡಿ.”

“ಅದಕ್ಕೂ ಹಾಕಿದ್ದೀನಿ.”

“ಐಯೋ ಸಿಸ್ಟರ್!” ಎಂದರು ಚಿಕ್ಕ ಡಾಕ್ಟರು. ಅವರ ಅಳತೆಯ ಗ್ಲೌಸು ದೊಡ್ಡ ಡಾಕ್ಟರ ಕಿರುಬೆರಳಿಗೂ ಏರುವಂತಿರಲಿಲ್ಲ.

ನಾನು ಯೋಚಿಸಿ ಹೇಳಿದೆನೋ ಹೆದರಿಕೆಗೆ ಹೇಳಿದೆನೋ ಗೊತ್ತಿಲ್ಲ. “ಕುರೀಗೆ ಬರಿಗೈಲಿ ತಾನೆ ಮಾಡಿದ್ದು ಸಾರ್? ಗ್ಲೌಸಿನ ಆ ಬೆರಳೊಂದನ್ನ ಕತ್ತರಿಸಿ ಬಿಡ್ತೀನಿ.”

“ಬೇರ್ ಫಿಂಗರ್? ಹೃದಯದ ಒಳಗೆ? ನಂಜಾದ್ರೆ ಯಾರು ಹೊಣೆ?” ಲೇಡಿ ಡಾಕ್ಟರು ಚೀಲ ಹಿಂಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದೊಡ್ಡ ಡಾಕ್ಟರು ಒಮ್ಮೆ ಕಣ್ಣು ಮುಚ್ಚಿ ತೆರೆದು ಕೈ ಚಾಚಿದರು. “ನಂಜಿಗೆ ಪೆನಿಸಿಲಿನ್ ಇದೆ. ಮುಚ್ಚಿದ ಕವಾಟಕ್ಕೆ ನನ್ನ ಬೆರಳು ಬಿಟ್ರೆ ಇನ್ನೇನೂ ಇಲ್ಲ. ಹೊಣೆ ನನ್ನದು. ಸಿಸ್ಟರ್, ಕತ್ತರಿಸಿ.”

ಬುಡದಲ್ಲಿ ಕತ್ತರಿಯಾಡಿಸಿ ಆ ರಬ್ಬರ್ ಬೆರಳನ್ನು ಕಳಚಿ ಹಾಕಿದೆ. ಪೌಡರು ಮೆತ್ತಿದ ಬೆಳ್ಳಗಿನ ಬೆರಳು ಹೊರಬಂತು. ಸೋಪು, ಬ್ರಷ್ಷು, ಆಮೇಲೆ ಸ್ಪಿರಿಟ್ಟು, ಕೊನೆಗೆ ಉಪ್ಪುನೀರು. ಉಗುರಿನ ಸಂದಿಯನ್ನು ತಿಕ್ಕಿದ ರಭಸಕ್ಕೆ ಅವರು ತುಟಿ ಕಚ್ಚಿಕೊಂಡರು.

ಕ್ಲ್ಯಾಂಪು ಸಡಿಲಿತು. ಬೆರಳು ಹೋಯಿತು. ಲೇಡಿ ಡಾಕ್ಟರು ಗಡಿಯಾರ ನೋಡುತ್ತ ಗಟ್ಟಿಯಾಗಿ ಎಣಿಸತೊಡಗಿದರು. “ಫೈವ್... ಟೆನ್...”

“ಸಿಕ್ತು!”

ಅವರ ದನಿ ಅಷ್ಟು ಎಳೆಯದಾಗಿದ್ದುದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. “ಸಿಕ್ತು! ಅಂಚು ಇಲ್ಲಿದೆ, ಬಿರುಸಾಗಿದೆ... ತೂತು, ಹೌದು, ಗುಂಡಿ ತೂತೇ. ಬೆರಳ ತುದೀನೂ ಹೋಗ್ತಿಲ್ಲ. ಮೂಲೆ ಇಲ್ಲಿ. ಒತ್ತುತೀನಿ.”

“ಟ್ವೆಂಟಿ... ಪಲ್ಸ್ ಬೀಳ್ತಿದೆ... ಟ್ವೆಂಟಿ ಫೈವ್...”

ಅವರ ಭುಜ ಮುಂದಕ್ಕೆ ಬಾಗಿತು. ಕತ್ತಿನ ನರ ಉಬ್ಬಿತು. ಚಿಕ್ಕ ಡಾಕ್ಟರು ದಾರ ಹಿಡಿದು ಉಸಿರು ಬಿಗಿಹಿಡಿದಿದ್ದರು.

“ಬಿಡ್ತು! ಒಂದು ಕಡೆ ಬಿಡ್ತು! ತಾಳಿ, ಇನ್ನೊಂದು ಮೂಲೆ...”

“ಫಾರ್ಟಿ, ಡಾಕ್ಟರ್!”

“ಇದೂ ಬಿಡ್ತು! ಬೆರಳು ಪೂರ್ತಿ ಹೋಗ್ತಿದೆ. ಇನ್ನೊಂದು ಬೆರಳಿಗೂ ಜಾಗ ಇದೆ. ರಕ್ತ ಹಿಂದಕ್ಕೆ ಬರ್ತಿಲ್ಲ. ಹೊರಗೆ ಬರ್ತೀನಿ, ಬಿಗಿ, ಬಿಗಿ!”

ಕ್ಲ್ಯಾಂಪು, ದಾರ, ಗಂಟು. ಒಂದು ಗಂಟು, ಎರಡು, ಮೂರು. ಹನಿ ರಕ್ತವೂ ಒಸರಲಿಲ್ಲ. ನಮ್ಮ ಕಣ್ಣೆದುರಿಗೇ ಬಿಗಿದು ಊದಿದ್ದ ಆ ಮೇಲಿನ ಕೋಣೆ ಮೆತ್ತಗಾಗತೊಡಗಿತು. ಗುರುಗುಟ್ಟುವಿಕೆ ನಿಂತೇಹೋಗಿತ್ತು.

“ಪಲ್ಸ್ ತುಂಬಿ ಬರ್ತಾ ಇದೆ,” ಎಂದ ಲೇಡಿ ಡಾಕ್ಟರ ಖಡಕ್ಕು ಮಾತು ಒಡೆದುಹೋಯಿತು. “ಓ ಗಾಡ್, ಎಂಥ ಪಲ್ಸ್!” ಚಿಕ್ಕ ಡಾಕ್ಟರು “ಅಪ್ಪಾಡಾ!” ಎಂದು ಎದೆ ಮುಚ್ಚಲು ಸೂಜಿ ಎತ್ತಿಕೊಂಡರು. ನಾನು ಮಾಸ್ಕಿನ ಒಳಗೆ ನಗುತ್ತಲೂ ಅಳುತ್ತಲೂ ಇದ್ದೆ. ಮೂಗೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮಧ್ಯಾಹ್ನ ಆಪರೇಷನ್ ಪುಸ್ತಕ ಬರೆಯುವಾಗ ದೊಡ್ಡ ಡಾಕ್ಟರು ‘ಸ್ಪರ್ಶಕ್ಕೆ ಅನುಕೂಲವಾಗಲೆಂದು ಗ್ಲೌಸಿನ ಬೆರಳು ತೆಗೆಯಲಾಯಿತು’ ಎಂದಷ್ಟೇ ಬರೆದು ಪೆನ್ನು ಮುಚ್ಚಿದರು. ನಾನು ಎದುರಿಗೆ ನಿಂತೆ.

“ಯಾಕೆ ತೆಗೀಬೇಕಾಯ್ತು ಅಂತ ಬರೀರಿ ಸಾರ್. ನಾನು ಮಾಡಿದ್ದನ್ನ ನಾಳೆ ಇನ್ನೊಬ್ಬ ಸಿಸ್ಟರ್ ಇನ್ನೂ ಪ್ರೀತಿಯಿಂದ ಮಾಡ್ತಾಳೆ.”

ಅವರು ನನ್ನ ಮುಖ ನೋಡಿದರು. “ಹಾಗಾದ್ರೆ ನನ್ನದೂ ಬರೀಬೇಕು. ಅಷ್ಟು ಹೃದಯ ಬಿಡಿಸಿದೆ, ಒಂದು ಸಲನಾದ್ರೂ ಗ್ಲೌಸು ಹಾಕ್ಕೊಂಡು ಮಾಡಿ ನೋಡ್ಲಿಲ್ಲ. ಅದಕ್ಕೇನಂತೀರಿ?”

“ಅದೂ ನನ್ನ ಅಪ್ಪಣೇನೇ ಸಾರ್.”

“ಅಪ್ಪಣೆ ಕೊಟ್ಟೋರು ನೀವು, ಕೇಳಿದ ಕೋಣ ನಾನು,” ಎಂದು ನಕ್ಕು ಎರಡು ಸಾಲು ಸೇರಿಸಿದರು. ನನ್ನ ತಪ್ಪು ಒಂದು ಸಾಲು, ಅವರದೊಂದು.

ನಕ್ಕದ್ದು ಬೇಗ ಆಯಿತು. ಮೂರನೆಯ ದಿನ ಅವಳ ಮೈ ಕೆಂಡದ ಹಾಗೆ ಕಾಯಿತು. ನಾನು ಹರಕೆ ಹೊರದ ದೇವರಿರಲಿಲ್ಲ. ಮೂರು ಗಂಟೆಗೊಮ್ಮೆ ಪೆನಿಸಿಲಿನ್ ಚುಚ್ಚುತ್ತಿದ್ದೆ. ಡ್ಯೂಟಿ ಮುಗಿದರೂ ಮನೆಗೆ ಹೋಗದೆ ಅಲ್ಲೇ ಕುಳಿತಿರುತ್ತಿದ್ದೆ. ಬರಿಬೆರಳಿನ ಮಾತು ಎತ್ತಿದವಳು ನಾನು. ನಂಜು ಒಳಗೆ ಕೂತಿದ್ದರೆ ಅದನ್ನು ಒಳಗೆ ಬಿಟ್ಟವಳೂ ನಾನೇ. ಅವಳು ಮಾತ್ರ ಜ್ವರದಲ್ಲೂ ನನ್ನನ್ನೇ ಗದರಿದಳು. “ಚುಚ್ಚಿ ಚುಚ್ಚಿ ಜರಡಿ ಮಾಡ್ಬಿಟ್ರಲ್ಲ ನರ್ಸಮ್ಮಾ!” ಒಂದೇ ಉಸಿರಿನಲ್ಲಿ ಅವಳು ಅಷ್ಟುದ್ದ ಮಾತಾಡಿದ್ದು ನನ್ನ ತಲೆಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಆರನೆಯ ದಿನ ಬೆವತು ಜ್ವರ ಇಳಿಯಿತು. ಮತ್ತೆ ಏರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ವಾರ್ಡಿನ ಬಾಗಿಲಿಗೆ ಬಂದೆ. ಸಾಲಿನ ಮೇಲೆ ಅವಳ ತಲೆ ಕಾಣಲಿಲ್ಲ. ವಾರ್ಡಿನಲ್ಲಿ ಓಡಬಾರದೆಂದು ಎಲ್ಲರಿಗೂ ಬೈಯುವ ನಾನು ಓಡಿದೆ.

ಮಂಚದ ಪಕ್ಕದಲ್ಲಿ ಅವಳ ಗಂಡ ಟವೆಲು ಹಿಂಡುತ್ತ, ಮುಖದಲ್ಲಿ ರಕ್ತವಿಲ್ಲದೆ ನಿಂತಿದ್ದ. ದಿಂಬುಗಳೆಲ್ಲ ಕೆಳಗೆ ಬಿದ್ದಿದ್ದವು. ಅವಳು ಅಂಗಾತ, ಹಾಸಿಗೆಗೆ ಅಂಟಿದ ಹಾಗೆ, ಬಾಯಿ ತೆರೆದು ಮಲಗಿದ್ದಳು. ಗೊರಕೆ ಹೊಡೆಯುತ್ತಿದ್ದಳು. ಗಡಿಯಾರ ಹಿಡಿದು ಉಸಿರು ಎಣಿಸಿದೆ. ನಿಮಿಷಕ್ಕೆ ಹದಿನೆಂಟು. ನನ್ನದೇ ಅದಕ್ಕಿಂತ ಜಾಸ್ತಿ ಇತ್ತು.

“ಜಾರ್ಕಂಡು ಮಲಿಕ್ಕಂಬುಟ್ಳು ನರ್ಸಮ್ಮಾ,” ಎಂದು ಪಿಸುಗುಟ್ಟಿದ. “ಉಸ್ರು ಕಟ್ಟೀತು. ಎಬ್ಬಿಸ್ಲಾ?”

“ಎಬ್ಬಿಸಿದ್ರೆ ನಿನ್ನ ಕೈ ಮುರೀತೀನಿ!”

ಅವನಿಗೆ ನನ್ನ ಬೈಗುಳ ನಾಟಲೇ ಇಲ್ಲ. ಅವಳನ್ನೇ ನೋಡುತ್ತಿದ್ದ. “ವರ್ಸದಿಂದ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕುಂತ್ಕಂಡೇ ನಿದ್ದೆ ಮಾಡ್ತಿದ್ಲು. ನಾನು ಅಲುಗಿದ್ರೆ ಎಚ್ರ ಆಗೋದು. ಅದ್ಕೇ ನಾನೂವೆ ಕುಂತೇ ಇರ್ತಿದ್ದೆ.”

ಬಿದ್ದ ದಿಂಬುಗಳನ್ನು ಎತ್ತಿಟ್ಟು, “ಇನ್ನು ನೀನೂ ಮಲಗಪ್ಪ,” ಎಂದೆ.

ಅವನು ಮಂಚದ ಪಕ್ಕದ ನೆಲದ ಮೇಲೆ ಟವೆಲು ಹಾಸಿ, ಮೆಲ್ಲಗೆ, ಅಭ್ಯಾಸ ತಪ್ಪಿದವನ ಹಾಗೆ ಮೊದಲು ಮೊಣಕೈ ಊರಿ, ಆಮೇಲೆ ಬೆನ್ನು ಚಾಚಿದ. ಅದು ಹೆಂಗಸರ ವಾರ್ಡು. ಗಂಡಸರು ಮಲಗುವುದಿರಲಿ, ಹೊತ್ತು ಮೀರಿ ನಿಲ್ಲುವಂತೆಯೂ ಇರಲಿಲ್ಲ. ನಾನು ಪರದೆ ಎಳೆದು, ಬಾಗಿಲಿಗೆ ಕುರ್ಚಿ ಹಾಕಿ ಕಾವಲು ಕುಳಿತೆ. ಐದು ನಿಮಿಷವೂ ಆಗಿರಲಿಲ್ಲ, ಪರದೆಯ ಹಿಂದಿನಿಂದ ಎರಡು ಗೊರಕೆ ಕೇಳತೊಡಗಿದವು.